ನಿಂತಲ್ಲೇ ನಡುಗುವ ಎಂಜಿನ್: ರಬ್ಬರ್ ಪೈಪಿನ ಸೀಳನ್ನು ಹುಡುಕುವ ಬಗೆ



ಟೊಮ್ಯಾಟೊ ಕೊಯ್ಲಿನ ದಿನಗಳಲ್ಲಿ ನಮ್ಮ ಬ್ಲಾಕಿನ ಹಳ್ಳಿಗಳಿಂದ ಕೋಲಾರದ ಮಾರುಕಟ್ಟೆಗೆ ಹೊರಡುವ ಗಾಡಿಗಳಲ್ಲಿ ಹಳೆಯ ಪೆಟ್ರೋಲ್ ವ್ಯಾನುಗಳು ಇನ್ನೂ ಕೆಲವು ಉಳಿದಿವೆ. ಹಿಂದಿನ ಸೀಟು ಬಿಚ್ಚಿ ಕ್ರೇಟು ಜೋಡಿಸಿದರೆ ಅದೇ ಸರಕಿನ ಗಾಡಿ. ರಾತ್ರಿ ಹೊತ್ತು ಬಾಣಂತಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಅದೇ ಆಂಬುಲೆನ್ಸು. ಇಂಥ ಗಾಡಿಯೊಂದು ಓಡುವಾಗ ಚೆನ್ನಾಗಿಯೇ ಓಡಿ, ನಿಂತ ಕೂಡಲೆ ಗಡಗಡ ನಡುಗಿ, ಒಮ್ಮೊಮ್ಮೆ ಕೆಟ್ಟು ನಿಲ್ಲುವುದನ್ನು ನೀವೂ ನೋಡಿರಬಹುದು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಬಹಳ ಅಗ್ಗವಾಗಿ ಸರಿಹೋಗುವ, ಆದರೆ ಬಹಳ ತಡವಾಗಿ ಕಣ್ಣಿಗೆ ಬೀಳುವ ಒಂದು ಕಾರಣವನ್ನು ಈ ಸಲ ತಿಳಿಸಬೇಕೆಂದಿದ್ದೇನೆ. ಅದೇ ವ್ಯಾಕ್ಯೂಮ್ ಪೈಪಿನ ಸೀಳು.

ನನ್ನ ವೃತ್ತದ ಹಳ್ಳಿಯೊಂದರ ರೈತರೊಬ್ಬರ ವ್ಯಾನು ಹೋದ ಮಳೆಗಾಲದಿಂದ ಹೀಗೆ ನಡುಗುತ್ತಿತ್ತು. ಅವರು ಪಟ್ಟಣದ ಒಂದು ಗ್ಯಾರೇಜಿಗೆ ತೋರಿಸಿದರು. ಪ್ಲಗ್ಗುಗಳು ಹೊಸವಾದುವು. ಕಾರ್ಬೊರೇಟರನ್ನು ಬಿಚ್ಚಿ ತೊಳೆದದ್ದಾಯಿತು. ಗಾಡಿ ಕೆಟ್ಟು ನಿಲ್ಲದಂತೆ ಐಡ್ಲಿಂಗ್ ತಿರುಪನ್ನು ತಿರುಗಿಸಿ ಎಂಜಿನ್ನಿನ ವೇಗ ಏರಿಸಿದ್ದೂ ಆಯಿತು. ಒಂದು ವಾರ ಸುಮ್ಮನಿದ್ದು ಮತ್ತೆ ಅದೇ ರಾಗ. ಇನ್ನು ಕಾರ್ಬೊರೇಟರನ್ನೇ ಬದಲಾಯಿಸಬೇಕು ಎಂದು ಗ್ಯಾರೇಜಿನವರು ಹೇಳಿದಾಗ ಅವರು ನನ್ನ ಬಳಿ ಬಂದರು. ನಾನು ಕೃಷಿ ಡಿಪ್ಲೊಮಾ ಓದಿದವನೇ ಹೊರತು ಮೆಕ್ಯಾನಿಕ್ ಅಲ್ಲ. ಆದರೆ ಎಂಜಿನ್ನಿನ ಪಾಠವನ್ನು ಓದಿದ್ದೆ, ಮತ್ತು ಅವರು ಮಾತಿನ ನಡುವೆ ಹೇಳಿದ ಒಂದು ವಿಷಯ ನನ್ನನ್ನು ಎಚ್ಚರಿಸಿತು. “ಇಳಿಜಾರಲ್ಲಿ ಒಂದೆರಡು ಸಲ ಒತ್ತಿದ ಮ್ಯಾಲೆ ಬ್ರೇಕು ಕಲ್ಲಾಗೋಯ್ತದೆ ಸಾರ್. ಬ್ರೇಕ್ ಶೂ ಹಾಕಿಸ್ಬೇಕು, ದುಡ್ಡು ಬರ್ಲಿ ಅಂತಿದೀನಿ” ಎಂದರು.

ಎಂಜಿನ್ ನಡುಗುವುದೂ ಬ್ರೇಕು ಕಲ್ಲಾಗುವುದೂ ಎರಡು ಬೇರೆ ರೋಗಗಳೆಂದು ಅವರು ತಿಳಿದಿದ್ದರು. ಅವೆರಡೂ ಒಂದೇ ಆಗಿದ್ದುವು. ಹೇಗೆಂಬುದನ್ನು ವಿವರಿಸುತ್ತೇನೆ.

ನಮ್ಮ ಕಡೆ ತೆರೆದ ಬಾವಿಗಳಲ್ಲಿ ನೀರಿದ್ದ ಕಾಲವನ್ನು ಹಿರಿಯರು ನೆನೆಸಿಕೊಳ್ಳಲಿ. ದಡದ ಮೇಲೆ ಪಂಪು, ಅದರಿಂದ ಬಾವಿಯೊಳಕ್ಕೆ ಸಕ್ಷನ್ ಪೈಪು. ಆ ಪೈಪಿನ ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರೂ ಪಂಪು ನೀರು ಎಳೆಯುತ್ತಿರಲಿಲ್ಲ. “ಗಾಳಿ ಹಿಡಿಯುತ್ತಿದೆ” ಎಂದು ಹೇಳಿ ಜಾಯಿಂಟಿಗೆ ಸಗಣಿಯನ್ನೋ ಜೇಡಿಮಣ್ಣನ್ನೋ ಮೆತ್ತುತ್ತಿದ್ದೆವು. ಪೆಟ್ರೋಲ್ ಎಂಜಿನ್ನಿನಲ್ಲಿ ನಡೆಯುವುದೂ ಇದೇ. ಪಿಸ್ಟನ್ ಕೆಳಗಿಳಿಯುವಾಗ ಹೊರಗಿನ ಗಾಳಿಯನ್ನು ಎಳೆಯುತ್ತದೆ. ಆ ಗಾಳಿ ಏರ್ ಫಿಲ್ಟರಿನ ಮೂಲಕ ಬಂದು, ಕಾರ್ಬೊರೇಟರಿನಲ್ಲಿ ಪೆಟ್ರೋಲಿನ ಹನಿಯನ್ನು ಕೂಡಿಕೊಂಡು, ಮ್ಯಾನಿಫೋಲ್ಡ್ ಎಂಬ ಕವಲು ಕೊಳವೆಯ ಮೂಲಕ ಸಿಲಿಂಡರಿಗೆ ಹೋಗಬೇಕು. ದಾರಿಯಲ್ಲಿ ಒಂದು ಬಾಗಿಲಿದೆ, ಅದೇ ಥ್ರಾಟಲ್. ಆಕ್ಸಲರೇಟರ್ ಒತ್ತಿದರೆ ಅದು ತೆರೆಯುತ್ತದೆ, ಕಾಲು ತೆಗೆದರೆ ಹೆಚ್ಚು ಕಡಿಮೆ ಮುಚ್ಚಿಬಿಡುತ್ತದೆ. ಮುಚ್ಚಿದ ಬಾಗಿಲಿನ ಹಿಂದೆ ಪಿಸ್ಟನ್ನುಗಳು ಎಳೆಯುತ್ತಲೇ ಇರುವುದರಿಂದ ಮ್ಯಾನಿಫೋಲ್ಡಿನಲ್ಲಿ ಗಾಳಿಯ ಒತ್ತಡ ಬಹಳ ಇಳಿದುಹೋಗುತ್ತದೆ. ಈ ಇಳಿದ ಒತ್ತಡವನ್ನೇ ವ್ಯಾಕ್ಯೂಮ್ ಎನ್ನುವುದು.

ಗಾಡಿ ತಯಾರಿಸಿದವರು ಈ ಎಳೆತವನ್ನು ವ್ಯರ್ಥ ಮಾಡದೆ ಕೆಲವು ಕೆಲಸಗಳಿಗೆ ಬಳಸಿಕೊಂಡಿದ್ದಾರೆ. ಮ್ಯಾನಿಫೋಲ್ಡಿನಿಂದ ಸಣ್ಣ ದೊಡ್ಡ ರಬ್ಬರ್ ಪೈಪುಗಳು ಹೊರಡುತ್ತವೆ. ಬೆರಳು ಗಾತ್ರದ ದಪ್ಪ ಪೈಪು ಬ್ರೇಕ್ ಬೂಸ್ಟರಿಗೆ ಹೋಗುತ್ತದೆ. ನಿಮ್ಮ ಕಾಲಿನ ಬಲಕ್ಕೆ ಜೊತೆ ಕೊಡುವ ಡಬ್ಬಿ ಅದು. ಹಳೆಯ ಎಂಜಿನ್ನುಗಳಲ್ಲಿ ಸಣ್ಣ ಪೈಪೊಂದು ಡಿಸ್ಟ್ರಿಬ್ಯೂಟರಿಗೆ ಹೋಗಿ ಕಿಡಿ ಹಾರುವ ಸಮಯವನ್ನು ಹಿಂದೆ ಮುಂದೆ ಮಾಡುತ್ತದೆ. ಇನ್ನೊಂದು, ಎಂಜಿನ್ನಿನ ಹೊಟ್ಟೆಯೊಳಗಿನ ಹೊಗೆಯನ್ನು ಮತ್ತೆ ಸುಡಲು ತರುವ ಪೈಪು. ಇದರಲ್ಲಿ ಆಯಿಲಿನ ಆವಿ ಹರಿಯುವುದರಿಂದ ಇದು ಎಲ್ಲಕ್ಕಿಂತ ಬೇಗ ಉಬ್ಬಿ ಮೆತ್ತಗಾಗುತ್ತದೆ. ಗ್ಯಾಸ್ ಕಿಟ್ ಹಾಕಿಸಿದ ಕೆಲವು ಗಾಡಿಗಳಲ್ಲಿ ನಡುವೆ ಟಿ ಜೋಡಿಸಿ ಮತ್ತೊಂದು ಪೈಪು ಎಳೆದಿರುವುದೂ ಉಂಟು.

ಈ ಪೈಪುಗಳಲ್ಲಿ ಯಾವುದು ಸೀಳಿದರೂ ಕಾರ್ಬೊರೇಟರಿನ ಬಾಗಿಲನ್ನು ತಪ್ಪಿಸಿ ಕಳ್ಳದಾರಿಯಿಂದ ಗಾಳಿ ಒಳಗೆ ನುಗ್ಗುತ್ತದೆ. ಅದರ ಜೊತೆ ಪೆಟ್ರೋಲ್ ಬರುವುದಿಲ್ಲ. ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಗಾಳಿ ಇದಕ್ಕಿಂತ ಬಹಳ ಹೆಚ್ಚಿದರೆ ಕಿಡಿ ಹಾರಿದರೂ ಮಿಶ್ರಣಕ್ಕೆ ಉರಿ ಹತ್ತುವುದಿಲ್ಲ. ಮೂರು ಸಿಲಿಂಡರಿನಲ್ಲಿ ಒಂದು ಸಲ ಇದು, ಒಂದು ಸಲ ಅದು ಹೊಡೆಯದೆ ಬಿಡುತ್ತದೆ. ಮಿಸ್ಸಿಂಗ್ ಎನ್ನುವುದು ಇದನ್ನೇ. ನಡುಕ ಬರುವುದು ಇದರಿಂದಲೇ.

ಹಾಗಾದರೆ ಓಡುವಾಗ ಏಕೆ ತಿಳಿಯುವುದಿಲ್ಲ? ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಸುಮಾರು 800 ಸಿ.ಸಿ.ಯ ಸಣ್ಣ ಎಂಜಿನ್ ನಿಂತಲ್ಲಿ ನಿಮಿಷಕ್ಕೆ 800-900 ಸುತ್ತು ತಿರುಗುವಾಗ ಹೊರಗಿನಿಂದ ಎಳೆಯುವ ಗಾಳಿ ನಿಮಿಷಕ್ಕೆ ಹೆಚ್ಚು ಕಡಿಮೆ 100 ಲೀಟರ್. ಎರಡು ಮಿಲಿಮೀಟರ್ ಅಗಲದ ತೂತೊಂದು ಆಗ ಸುಮಾರು 25 ಲೀಟರ್ ಗಾಳಿಯನ್ನು ಒಳಗೆ ಬಿಡಬಲ್ಲದು. ಕಾಲು ಪಾಲು ಕಲಬೆರಕೆಯಾದ ಹಾಗಾಯಿತು. ಅದೇ ಎಂಜಿನ್ ಭಾರ ಹೊತ್ತು ವೇಗವಾಗಿ ಓಡುವಾಗ ನಿಮಿಷಕ್ಕೆ ಸಾವಿರ ಲೀಟರಿಗೂ ಮೇಲೆ ಗಾಳಿ ಎಳೆಯುತ್ತದೆ. ಬಾಗಿಲು ತೆರೆದಿರುವುದರಿಂದ ವ್ಯಾಕ್ಯೂಮ್ ಕೂಡ ಕುಗ್ಗಿರುತ್ತದೆ. ಆಗ ಆ ತೂತಿನಿಂದ ಬರುವುದು ಲೆಕ್ಕಕ್ಕೇ ಬಾರದು. ಕೆರೆ ತುಂಬಿ ಕೋಡಿ ಹರಿಯುವಾಗ ತೂಬಿನಲ್ಲಿ ಒಸರುವುದು ಯಾರ ಕಣ್ಣಿಗೆ ಬೀಳುತ್ತದೆ?

ಆದುದರಿಂದ ಮೊದಲನೆಯ ಪರೀಕ್ಷೆ ನಿಮ್ಮ ಕಾಲಿನಲ್ಲೇ ಇದೆ. ನಿಂತಾಗ ನಡುಗುವ ಎಂಜಿನ್ ಆಕ್ಸಲರೇಟರ್ ಸ್ವಲ್ಪ ಒತ್ತಿದೊಡನೆ ನುಣ್ಣಗಾಗುತ್ತದೆಯೆ ನೋಡಿ. ಆಗುವುದಾದರೆ ಗಾಳಿ ಹಿಡಿಯುತ್ತಿರುವ ಸಂಭವ ಹೆಚ್ಚು. ಎಲ್ಲ ವೇಗದಲ್ಲಿಯೂ ಮಿಸ್ಸಿಂಗ್ ಇದ್ದರೆ ಪ್ಲಗ್ಗು, ಪ್ಲಗ್ಗಿನ ವೈರು, ವಾಲ್ವು ಇವುಗಳ ಕಡೆ ನೋಡತಕ್ಕದ್ದು. ಕಾರ್ಬೊರೇಟರ್ ಇರುವ ಗಾಡಿಗೆ ಇನ್ನೊಂದು ಸುಲಭ ಪರೀಕ್ಷೆಯಿದೆ. ಎಂಜಿನ್ ಬಿಸಿಯಾದ ಮೇಲೆ, ನಡುಗುತ್ತಿರುವಾಗಲೇ ಚೋಕಿನ ಗುಂಡಿಯನ್ನು ಸ್ವಲ್ಪವೇ ಎಳೆಯಿರಿ. ಚೋಕ್ ಎಳೆದರೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಒಳ್ಳೆಯ ಎಂಜಿನ್ ಆಗ ಮುಗ್ಗರಿಸಬೇಕು, ಕಪ್ಪು ಹೊಗೆ ಉಗುಳಬೇಕು. ಅದರ ಬದಲು ನಡುಕ ನಿಂತು ಸಮಾಧಾನವಾದರೆ, ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿತ್ತೆಂದು ಅರ್ಥ. ಕಾರ್ಬೊರೇಟರಿನ ಕಿರುದಾರಿ ಕಸದಿಂದ ಕಟ್ಟಿದ್ದರೂ ಇದೇ ರೀತಿ ಆಗುವುದುಂಟು. ಆದರೆ ಪೈಪು ನೋಡುವುದಕ್ಕೆ ಕಾಸು ಬೇಡ. ಅದನ್ನೇ ಮೊದಲು ನೋಡುವುದು ವಿವೇಕ.

ಹುಡುಕುವುದಕ್ಕೆ ಮುಂಚೆ ಒಂದು ಎಚ್ಚರಿಕೆ. ಗಾಡಿಯನ್ನು ಬಯಲಿನಲ್ಲಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸತಕ್ಕದ್ದಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಮನುಷ್ಯನನ್ನು ಸದ್ದಿಲ್ಲದೆ ಕೊಲ್ಲುತ್ತದೆ. ಹೆಗಲ ಮೇಲಿನ ಟವಲನ್ನು ಕೆಳಗಿಡಿ. ಬೆಲ್ಟಿಗೆ ಸಿಕ್ಕ ಟವಲು ಕುತ್ತಿಗೆಯನ್ನೂ ಜೊತೆಗೆ ಎಳೆಯುತ್ತದೆ. ರೇಡಿಯೇಟರಿನ ಕರೆಂಟ್ ಫ್ಯಾನು ತಾನಾಗಿಯೇ ತಿರುಗಲು ಶುರುವಾಗುವುದುಂಟು, ಅದರ ಬಳಿ ಕೈ ಬೇಡ.

ಮೊದಲು ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಕಣ್ಣು ಮತ್ತು ಕೈಯಿಂದ ನೋಡಿ. ಪ್ರತಿ ಪೈಪನ್ನೂ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಿನಿಂದ ತಡವಿ, ಮೆಲ್ಲಗೆ ಬಗ್ಗಿಸಿ. ಸೀಳು ಬಹುಮಟ್ಟಿಗೆ ತುದಿಯಲ್ಲಿ, ಲೋಹದ ಮೂತಿಯ ಮೇಲೆ ಹಿಗ್ಗಿ ಕೂತ ಕಡೆ ಇರುತ್ತದೆ. ಇಲ್ಲವೆ ಅಡಿಯಲ್ಲಿ, ನಮಗೆ ಕಾಣದ ಬದಿಯಲ್ಲಿ. ಬಗ್ಗಿಸದೆ ಬರಿಯ ಕಣ್ಣಿನಿಂದ ನೋಡಿದರೆ ಸೀಳು ಬಾಯಿ ಮುಚ್ಚಿಕೊಂಡಿರುತ್ತದೆ. ಬಿಸಿಲು ಮತ್ತು ಎಂಜಿನ್ನಿನ ಕಾವಿಗೆ ರಬ್ಬರು ಒಣಗಿ, ಬೇಸಿಗೆಯಲ್ಲಿ ಕೆರೆಯಂಗಳ ಬಿರಿದಂತೆ ಸಣ್ಣ ಸಣ್ಣ ಬಿರುಕು ಬಿಟ್ಟಿದ್ದರೆ ಅಂಥ ಪೈಪಿಗೆ ಆಯುಷ್ಯ ಮುಗಿಯಿತೆಂದೇ ತಿಳಿಯಿರಿ. ತೀರ ಮೆತ್ತಗಾದದ್ದೂ ಕೆಲಸಕ್ಕೆ ಬಾರದು. ಎಳೆತಕ್ಕೆ ಅದು ಒಳಕ್ಕೆ ಚಪ್ಪಟೆಯಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಇನ್ನೊಬ್ಬ ಶತ್ರುವಿದ್ದಾನೆ. ಹುಲ್ಲಿನ ಮೆದೆಯ ಪಕ್ಕದಲ್ಲೋ ಕಣಜದ ಪಕ್ಕದಲ್ಲೋ ನಿಲ್ಲಿಸಿದ ಗಾಡಿಗೆ ರಾತ್ರಿ ಇಲಿ ನುಗ್ಗುತ್ತದೆ. ಬೆಚ್ಚಗಿರುವ ಎಂಜಿನ್ನಿನ ಮೇಲೆ ಕುಳಿತು ಅದು ರಬ್ಬರ್ ಪೈಪನ್ನೂ ವೈರನ್ನೂ ಕಡಿಯದೆ ಬಿಡುವುದಿಲ್ಲ.

ಕಣ್ಣಿಗೆ ಕಾಣದಿದ್ದರೆ ಕಿವಿಗೆ ಕೆಲಸ ಕೊಡಿ. ಎಂಜಿನ್ ಓಡುತ್ತಿರುವಾಗ ಸೀಳಿನಿಂದ ಹಾವು ಬುಸುಗುಟ್ಟಿದಂಥ ಸದ್ದು ಬರುತ್ತದೆ, ಆದರೆ ಎಂಜಿನ್ನಿನ ಗದ್ದಲದಲ್ಲಿ ಎಲ್ಲಿಂದ ಎಂದು ತಿಳಿಯುವುದು ಕಷ್ಟ. ಹನಿ ನೀರಾವರಿಯ ಲ್ಯಾಟರಲ್ ಪೈಪಿನ ತುಂಡು ಎಲ್ಲರ ಮನೆಯಲ್ಲೂ ಬಿದ್ದಿರುತ್ತದೆ. ಮೂರಡಿ ಉದ್ದ ಕತ್ತರಿಸಿ, ನಡುವೆ ಡ್ರಿಪ್ಪರಿನ ತೂತಿಲ್ಲದ ತುಂಡನ್ನು ಆರಿಸಿಕೊಂಡು, ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಪೈಪುಗಳ ಉದ್ದಕ್ಕೂ ಸರಿಸುತ್ತ ಹೋಗಿ. ಡಾಕ್ಟರು ಎದೆ ನೋಡುವ ಹಾಗೆಯೇ. ಸೀಳಿನ ಎದುರಿಗೆ ಬಂದೊಡನೆ ಬುಸ್ ಎಂಬ ಸದ್ದು ಕಿವಿಗೇ ಹೊಡೆಯುತ್ತದೆ. ತುದಿ ಬೆಲ್ಟಿಗೆ ತಾಗದಂತೆ ಹಿಡಿಯಬೇಕು.

ಇಷ್ಟಕ್ಕೂ ಸಿಗದಿದ್ದರೆ ಹಿಸುಕುವ ಪರೀಕ್ಷೆ. ಕಟಿಂಗ್ ಪ್ಲೇಯರಿನ ಹಲ್ಲಿಗೆ ಬಟ್ಟೆ ಸುತ್ತಿಕೊಂಡು, ನಿಂತಲ್ಲೇ ಓಡುತ್ತಿರುವ ಎಂಜಿನ್ನಿನ ಪೈಪುಗಳನ್ನು ಒಂದೊಂದಾಗಿ ಮ್ಯಾನಿಫೋಲ್ಡಿನ ಹತ್ತಿರವೇ ಹಿಸುಕಿ ಹಿಡಿಯಿರಿ. ಯಾವ ಪೈಪನ್ನು ಹಿಸುಕಿದಾಗ ನಡುಕ ನಿಲ್ಲುತ್ತದೆಯೋ ಗಾಳಿ ಬರುತ್ತಿರುವುದು ಆ ಪೈಪಿನಲ್ಲಿ, ಅಥವಾ ಅದರ ಕೊನೆಗೆ ಜೋಡಿಸಿದ ಡಬ್ಬಿಯಲ್ಲಿ. ಹೊಗೆ ಎಳೆಯುವ ಪೈಪನ್ನು ಹಿಸುಕಿದರೆ ಆರೋಗ್ಯವಾದ ಎಂಜಿನ್ನಿನ ಸದ್ದೂ ಕೊಂಚ ಬದಲಾಗುತ್ತದೆ. ಅದನ್ನು ಕಂಡು ಮೋಸ ಹೋಗಬೇಡಿ. ಪೂರ್ತಿ ಒಣಗಿ ಗಟ್ಟಿಯಾದ ಪೈಪನ್ನು ಹಿಸುಕಿದರೆ ಮುರಿದೇ ಹೋಗುವುದು. ಅಂಥದನ್ನು ಹಿಸುಕುವ ಬದಲು ಬದಲಾಯಿಸಿಬಿಡಿ.

ಪೈಪುಗಳೆಲ್ಲ ಸರಿಯಿದ್ದು ನಡುಕ ಉಳಿದಿದ್ದರೆ, ಕಾರ್ಬೊರೇಟರಿನ ಬುಡದ ಗ್ಯಾಸ್ಕೆಟ್ ಅಥವಾ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಸಂದು ಇರಬಹುದು. ಅಲ್ಲಿಗೆ ಸ್ವಲ್ಪ ಸ್ವಲ್ಪವಾಗಿ ನೀರು ಸಿಂಪಡಿಸಿ. ನೀರು ಸಂದನ್ನು ಮುಚ್ಚಿದ ಕ್ಷಣ ಎಂಜಿನ್ನಿನ ಧ್ವನಿ ಬದಲಾಗುತ್ತದೆ. ಕಾದು ಕೆಂಡವಾದ ಸೈಲೆನ್ಸರಿನ ಕಡೆಯ ಕೊಳವೆಗೂ, ಡಿಸ್ಟ್ರಿಬ್ಯೂಟರಿಗೂ ಪ್ಲಗ್ಗಿನ ವೈರಿಗೂ ನೀರು ತಾಕಬಾರದು. ಔಷಧಿ ಹೊಡೆಯುವ ಸ್ಪ್ರೇಯರನ್ನು ಇದಕ್ಕೆ ತರಬೇಡಿ; ಕ್ರಿಮಿನಾಶಕದ ಆವಿ ನಿಮ್ಮ ಮೂಗಿಗೇ ಬರುವುದು. ಕೆಲವರು ನೀರಿನ ಬದಲು ಪೆಟ್ರೋಲ್ ಚಿಮುಕಿಸಿ ನೋಡುತ್ತಾರೆ. ದಯವಿಟ್ಟು ಯಾರೂ ಹೀಗೆ ಮಾಡಬಾರದು. ಬಿಸಿ ಎಂಜಿನ್, ಹಾರುವ ಕಿಡಿ, ಅದರ ಮೇಲೆ ಪೆಟ್ರೋಲು. ಗಾಡಿಯ ಜೊತೆ ಮನುಷ್ಯನೂ ಸುಡುತ್ತಾನೆ. ಗ್ಯಾರೇಜಿನವರು ಬಳಸುವ ಡಬ್ಬಿಯ ಸ್ಪ್ರೇ ಕೂಡ ಉರಿಯುವ ವಸ್ತುವೇ.

ಕೆಲವು ಗ್ಯಾರೇಜುಗಳಲ್ಲಿ ವ್ಯಾಕ್ಯೂಮ್ ಗೇಜ್ ಇರುತ್ತದೆ. ಪಾದರಸದ ಅಂಗುಲಗಳಲ್ಲಿ ಅಳೆಯುವ ಈ ಗೇಜಿನ ಮುಳ್ಳು ಒಳ್ಳೆಯ ಎಂಜಿನ್ನಿಗೆ 17ರಿಂದ 21ರ ನಡುವೆ ಅಲುಗದೆ ನಿಲ್ಲಬೇಕೆಂದು ಪುಸ್ತಕಗಳು ಹೇಳುತ್ತವೆ. ಆದರೆ ಅದು ಸಮುದ್ರಮಟ್ಟದ ಲೆಕ್ಕ. ಮೇಲೇರಿದ ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಅಂಗುಲ ಕಳೆಯಬೇಕು. ಕೋಲಾರ ಇರುವುದು ಸುಮಾರು 2,700 ಅಡಿ ಎತ್ತರದಲ್ಲಿ. ನಮ್ಮಲ್ಲಿ 15 ತೋರಿಸಿದರೂ ಎಂಜಿನ್ ಚೆನ್ನಾಗಿದೆಯೆಂದೇ ತಿಳಿಯಬಹುದು. ಇದನ್ನು ತಿಳಿಯದೆ ಒಳ್ಳೆಯ ಎಂಜಿನ್ ಬಿಚ್ಚಿಸಿಕೊಂಡರೆ ನಷ್ಟ ನಿಮ್ಮದೇ.

ಇನ್ನು ಬ್ರೇಕಿನ ವಿಷಯ. ಇದನ್ನು ಓದದೆ ಬಿಡಬೇಡಿ. ಬೂಸ್ಟರ್ ಇರುವ ಗಾಡಿಯಲ್ಲಿ ಎಂಜಿನ್ ನಿಲ್ಲಿಸಿ, ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ. ಕಾಲನ್ನು ಪೆಡಲಿನ ಮೇಲೇ ಒತ್ತಿ ಇಟ್ಟುಕೊಂಡು ಎಂಜಿನ್ ಚಾಲೂ ಮಾಡಿ. ಪೆಡಲು ಕಾಲಿನಡಿಯಲ್ಲಿ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರಿಗೆ ವ್ಯಾಕ್ಯೂಮ್ ಮುಟ್ಟುತ್ತಿಲ್ಲ, ಇಲ್ಲವೆ ಬೂಸ್ಟರೇ ಹೋಗಿದೆ. ಮತ್ತೊಂದು ಪರೀಕ್ಷೆ: ಎಂಜಿನ್ ಓಡಿಸಿ ನಿಲ್ಲಿಸಿ, ಎರಡು ನಿಮಿಷ ಬಿಟ್ಟು ಪೆಡಲು ಒತ್ತಿ. ಮೊದಲ ಒಂದೆರಡು ಸಲ ಮೆತ್ತಗಿದ್ದು ಆಮೇಲೆ ಗಟ್ಟಿಯಾಗಬೇಕು. ಮೊದಲ ಸಲಕ್ಕೇ ಕಲ್ಲಾಗಿದ್ದರೆ ಪೈಪಿನಲ್ಲಿರುವ ಒಮ್ಮುಖ ವಾಲ್ವು ಕೆಟ್ಟಿರಬಹುದು ಅಥವಾ ಎಲ್ಲೋ ಸೋರುತ್ತಿರಬಹುದು. ಬೂಸ್ಟರ್ ಸತ್ತರೂ ಬ್ರೇಕ್ ಪೂರ್ತಿ ಸಾಯುವುದಿಲ್ಲ. ಆದರೆ ನಿಲ್ಲಿಸಲು ಬಹಳ ಬಲವಾಗಿ ತುಳಿಯಬೇಕು, ಗಾಡಿ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಇಪ್ಪತ್ತು ಕ್ರೇಟು ಹೊತ್ತು ಇಳಿಜಾರಿನಲ್ಲಿ ಬರುವಾಗ ಆ ಹೆಚ್ಚಿನ ದೂರದಲ್ಲಿ ಯಾರ ಮಗು ರಸ್ತೆ ದಾಟುತ್ತಿರುತ್ತದೆಯೋ!

ನಮ್ಮ ರೈತರ ವ್ಯಾನಿಗೆ ಮರಳೋಣ. ಆ ಗಾಡಿಯಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿ, “ಅಣ್ಣಾ, ಸ್ಟಾರ್ಟ್ ಮಾಡು” ಎಂದೆ. ಲ್ಯಾಟರಲ್ ತುಂಡನ್ನು ಕಿವಿಗಿಟ್ಟು ಹುಡುಕಿದಾಗ ದಪ್ಪ ಪೈಪಿನ ಹತ್ತಿರ ಸದ್ದು ಸಿಕ್ಕಿತು. ಎಂಜಿನ್ ಆರಿಸಿ ಪೈಪನ್ನು ತಿರುಗಿಸಿ ನೋಡಿದರೆ, ಅಡಿಭಾಗದಲ್ಲಿ, ಮ್ಯಾನಿಫೋಲ್ಡಿಗೂ ಒಮ್ಮುಖ ವಾಲ್ವಿಗೂ ನಡುವೆ ಇಲಿ ಕಡಿದ ಗುರುತು. ಅಲ್ಲಿಂದ ಉದ್ದಕ್ಕೆ ಬಿಟ್ಟ ಸೀಳು. ಬ್ರೇಕು ಮೊದಲ ಒತ್ತಿಗೆ ಸರಿಯಾಗಿದ್ದು ಆಮೇಲೆ ಕಲ್ಲಾಗುತ್ತಿದ್ದುದೂ ಇದರಿಂದಲೇ. ವಾಲ್ವು ಬೂಸ್ಟರಿನಲ್ಲಿ ಇದ್ದಷ್ಟು ವ್ಯಾಕ್ಯೂಮನ್ನು ಹಿಡಿದಿಡುತ್ತಿತ್ತು, ಅದು ಮುಗಿದ ಮೇಲೆ ಮತ್ತೆ ಬೇಗ ತುಂಬುತ್ತಿರಲಿಲ್ಲ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದಿನ ವಾರ ಅದೇ ಗಾಡಿಯಲ್ಲಿ ಮಗಳನ್ನೂ ಮೊಮ್ಮಗನನ್ನೂ ಕರೆತಂದಿದ್ದರಂತೆ.

ಪೈಪನ್ನು ಬದಲಾಯಿಸುವಾಗ ಒಳಗಿನ ಅಗಲ ಮೊದಲಿನಷ್ಟೇ ಇರುವ, ಪೆಟ್ರೋಲ್ ಆವಿ ಮತ್ತು ಆಯಿಲಿಗೆ ಕರಗದ ವ್ಯಾಕ್ಯೂಮ್ ಪೈಪನ್ನೇ ಕೇಳಿ ತರಬೇಕು. ಡ್ರಿಪ್ ಪೈಪು, ಗಾರ್ಡನ್ ಪೈಪು ಇದಕ್ಕೆ ಆಗದು. ಕಾವಿಗೆ ಮೆತ್ತಗಾಗಿ ಒಳಕ್ಕೆ ಹೀರಿಕೊಂಡು ಮುಚ್ಚಿಹೋಗುತ್ತದೆ. ಸೈಕಲ್ ಟ್ಯೂಬಿನ ಪಟ್ಟಿ ಸುತ್ತುವುದೂ ನಾಲ್ಕು ದಿನದ ಮಾತು. ಸಣ್ಣ ಪೈಪಿನ ತುದಿ ಮಾತ್ರ ಸೀಳಿದ್ದು ಉದ್ದ ಸಾಕಷ್ಟಿದ್ದರೆ ಒಂದು ಸೆಂಟಿಮೀಟರ್ ಕತ್ತರಿಸಿ ಮತ್ತೆ ತೊಡಿಸಬಹುದು. ದಾರಿಯಲ್ಲಿ ಡಿಸ್ಟ್ರಿಬ್ಯೂಟರಿನ ಸಣ್ಣ ಪೈಪು ಹರಿದರೆ, ಮ್ಯಾನಿಫೋಲ್ಡ್ ಕಡೆಯ ತುಂಡಿಗೆ ಒಂದು ಬೋಲ್ಟು ತುರುಕಿ ನಿಧಾನವಾಗಿ ಊರು ಸೇರಬಹುದು. ಬೂಸ್ಟರಿನ ಪೈಪಿಗೆ ಈ ಉಪಾಯ ಸಲ್ಲದು. ಅದಕ್ಕೆ ತೇಪೆಯಿಲ್ಲ, ಟೇಪಿಲ್ಲ, ಬೋಲ್ಟಿಲ್ಲ. ದಪ್ಪ ಗೋಡೆಯ ಬೂಸ್ಟರ್ ಪೈಪನ್ನೇ ಹಾಕಿ, ಕ್ಲಿಪ್ಪು ಬಿಗಿದು, ವಾಲ್ವಿನ ಮೇಲಿನ ಬಾಣದ ಗುರುತು ಎಂಜಿನ್ನಿನ ಕಡೆಗೆ ಇರುವಂತೆ ನೋಡಿಕೊಳ್ಳಬೇಕು. ಮತ್ತೆ ಪೆಡಲಿನ ಪರೀಕ್ಷೆ ಮಾಡಿಯೇ ರಸ್ತೆಗೆ ಇಳಿಸಬೇಕು.

ಪೈಪು ಸರಿಯಾದ ಮೇಲೆ ಐಡ್ಲಿಂಗ್ ತಿರುಪನ್ನು ಮರೆಯಬೇಡಿ. ರೋಗ ಮುಚ್ಚಲು ಅದನ್ನು ಏರಿಸಿದ್ದರೆ ಈಗ ಎಂಜಿನ್ ನಿಂತಲ್ಲೇ ಕಿರುಚುತ್ತದೆ, ಪೆಟ್ರೋಲೂ ವ್ಯರ್ಥ. ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟಕ್ಕೆ ಇಳಿಸಿಸಿ.

ಕಾರ್ಬೊರೇಟರ್ ಇಲ್ಲದ, ಇಂಜೆಕ್ಷನ್ ಇರುವ ಗಾಡಿಗಳಲ್ಲಿ ರೋಗದ ಲಕ್ಷಣ ಸ್ವಲ್ಪ ಬೇರೆ. ಕಳ್ಳಗಾಳಿ ನುಗ್ಗಿದರೆ ಕೆಲವಕ್ಕೆ ನಡುಕಕ್ಕಿಂತ ಹೆಚ್ಚಾಗಿ ವೇಗ ತಾನೇ ಏರುತ್ತದೆ, ಅಥವಾ ಉಯ್ಯಾಲೆಯಂತೆ ಏರಿ ಇಳಿಯುತ್ತದೆ. ಎದುರಿನ ಫಲಕದಲ್ಲಿ ಎಂಜಿನ್ ದೀಪ ಹತ್ತುವುದೂ ಉಂಟು. ಅಲ್ಲಿಯೂ ಕಣ್ಣು ಕಿವಿಗಳ ಪರೀಕ್ಷೆ ನಡೆಯುತ್ತದೆ, ವೈರುಗಳನ್ನು ಮಾತ್ರ ಕೀಳಬೇಡಿ. ಮೋಟಾರ್ ಸೈಕಲ್ಲಿನಲ್ಲಿ ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವಿನ ದಪ್ಪ ರಬ್ಬರ್ ಮೂತಿ ಬಿರಿದರೂ ಇದೇ ಕಥೆ. ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ಸಣ್ಣ ಪಂಪ್‌ಸೆಟ್ಟಿನಲ್ಲಿ ಕಾರ್ಬೊರೇಟರಿನ ಬುಡದ ಗ್ಯಾಸ್ಕೆಟ್ ನೋಡಿ.

ಟ್ರ್ಯಾಕ್ಟರಿನವರು ಇದನ್ನು ಓದಿ ತಮ್ಮ ಎಂಜಿನ್ನಿನಲ್ಲಿ ವ್ಯಾಕ್ಯೂಮ್ ಪೈಪು ಹುಡುಕಬೇಕಾಗಿಲ್ಲ. ಸಾಮಾನ್ಯ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಗೆ ಅಂಥ ಬಾಗಿಲಿಲ್ಲ, ವೇಗ ಏರುವುದು ಇಳಿಯುವುದು ಡೀಸೆಲಿನ ಅಳತೆಯಿಂದ. ಹಲವು ಡೀಸೆಲ್ ಪಿಕಪ್ ಗಾಡಿಗಳಲ್ಲಿ ಬ್ರೇಕಿನ ವ್ಯಾಕ್ಯೂಮಿಗಾಗಿಯೇ ಪ್ರತ್ಯೇಕ ಪಂಪು ಇರುತ್ತದೆ. ಅಲ್ಲಿ ಪೈಪು ಸೀಳಿದರೆ ಎಂಜಿನ್ ನಡುಗಿ ಎಚ್ಚರಿಸುವುದಿಲ್ಲ, ಬ್ರೇಕು ಮಾತ್ರ ಗಟ್ಟಿಯಾಗುತ್ತದೆ. ಆದ ಕಾರಣ ಅವರು ಪೆಡಲಿನ ಪರೀಕ್ಷೆಯನ್ನು ಇನ್ನೂ ಜಾಗ್ರತೆಯಿಂದ ಮಾಡತಕ್ಕದ್ದು. ಟ್ರ್ಯಾಕ್ಟರ್ ನಿಂತಲ್ಲಿ ಏರಿಳಿಯುತ್ತಿದ್ದರೆ, ಡೀಸೆಲ್ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನ ವಾಷರುಗಳಲ್ಲಿ ಗಾಳಿ ಹಿಡಿಯುತ್ತಿದೆಯೇ ನೋಡಿ. ಆ ಗಾಳಿಯನ್ನು ತೆಗೆಯುವ ಕ್ರಮವನ್ನು ಇನ್ನೊಂದು ಸಂಚಿಕೆಯಲ್ಲಿ ಬರೆಯುತ್ತೇನೆ.